ಕ್ಯಾಂಡಿಯ ಬೌದ್ಧ ಗುಡಿಗಳನ್ನು ನೋಡಲು ಬೆಂಗಳೂರಿನಿಂದ ಹೊರಡುವವರಿಗೆ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ. ಒಂದೂವರೆ ಗಂಟೆಯ ಹಾರಾಟ, ಅಷ್ಟೇ. ಹಾಗಾಗಿ ನಾಲ್ಕೈದು ದಿನ ರಜೆ ಸಿಕ್ಕರೆ ನಮ್ಮವರು ಈಗ ಶ್ರೀಲಂಕಾಗೆ ಹೊರಟುಬಿಡುತ್ತಾರೆ. ಆದರೆ ಪ್ಯಾಕೇಜ್ ಟೂರುಗಳಲ್ಲಿ ಕ್ಯಾಂಡಿಗೆ ಸಿಗುವುದು ಸಾಮಾನ್ಯವಾಗಿ ಒಂದು ರಾತ್ರಿ. ಸಂಜೆ ಬುದ್ಧನ ಹಲ್ಲು ಇದೆ ಅಂತ ನಂಬುವ ದಂತ ಮಂದಿರಕ್ಕೆ ಅರ್ಧ ಗಂಟೆ, ಕೆರೆಯ ದಂಡೆಯಲ್ಲಿ ನಾಲ್ಕು ಫೋಟೊ, ಬೆಳಿಗ್ಗೆ ಎದ್ದು ನುವರ ಎಲಿಯದ ಟೀ ತೋಟಗಳ ಕಡೆಗೆ ಪ್ರಯಾಣ. ಸಿಂಹಳ ರಾಜರ ಕೊನೆಯ ರಾಜಧಾನಿಯನ್ನು, 1988ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಊರನ್ನು ಹೀಗೆ ದಾಟಿ ಹೋಗುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಇದಕ್ಕೆ ಟೂರಿನವರು ಮಾತ್ರ ಕಾರಣ ಅಲ್ಲ. ಚಿಕ್ಕಂದಿನಿಂದ ಗುಡಿಗೆ ಹೋಗಿ ಬೆಳೆದ ನಮಗೆ ಅಲ್ಲಿ ಎಲ್ಲವೂ ಗೊತ್ತಿರುವಂಥದ್ದೇ ಅನ್ನಿಸುತ್ತದೆ. ಹೂವು ಇದೆ, ದೀಪ ಇದೆ, ಪ್ರದಕ್ಷಿಣೆ ಇದೆ, ಡೋಲು ಇದೆ. ಕೈ ಮುಗಿದು, ಒಂದು ಸುತ್ತು ಹಾಕಿ, ದರ್ಶನ ಆಯಿತು ಅಂತ ಹೊರಗೆ ಬಂದುಬಿಡುತ್ತೇವೆ. ಆದರೆ ಅಲ್ಲಿ ಮುಖ್ಯವಾದದ್ದು ಕಾಣುವುದು ಕೂತವರಿಗೆ. ಹಾಗಾಗಿ ಈ ಲೇಖನದ ಉದ್ದಕ್ಕೂ ನಾನು ಹೇಳುವುದು ಒಂದೇ: ಕಡಿಮೆ ಗುಡಿ ನೋಡಿ, ಪೂಜೆಯ ಹೊತ್ತು ನೋಡಿಕೊಂಡು ಹೋಗಿ, ಹೋದ ಕಡೆ ಜಾಸ್ತಿ ಹೊತ್ತು ಕೂತುಕೊಳ್ಳಿ. ಕ್ಯಾಂಡಿಗೆ ಕನಿಷ್ಠ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಮೂರಾದರೆ ಇನ್ನೂ ಒಳ್ಳೆಯದು.

ಮೊದಲು ಗಾಂಧಿನಗರಕ್ಕೆ ಹೋಗಿ ಬನ್ನಿ

ಟಿಕೆಟ್ ಬುಕ್ ಮಾಡಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಇದು. ಮೆಜೆಸ್ಟಿಕ್ಕಿಗೆ ಹತ್ತಿರದಲ್ಲೇ, ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿಯ ವಿಹಾರವಿದೆ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಶುರು ಮಾಡಿದ ಸಂಸ್ಥೆ. ಎಷ್ಟೋ ಬೆಂಗಳೂರಿನವರು ಅದರ ಗೇಟಿನ ಮುಂದೆ ದಿನಾ ಓಡಾಡುತ್ತಾರೆ, ಒಳಗೆ ಹೋಗಿರುವುದಿಲ್ಲ. ಒಳಗೆ ಬೋಧಿ ವೃಕ್ಷ, ಬುದ್ಧನ ಮಂದಿರ, ಕಾವಿ ಉಟ್ಟ ಭಿಕ್ಷುಗಳು, ಓದಲು ಪುಸ್ತಕಗಳು ಎಲ್ಲ ಇವೆ. ಸಂಜೆ ಪಾಲಿ ಭಾಷೆಯಲ್ಲಿ ಪಠಣ ನಡೆಯುತ್ತದೆ. ಅಲ್ಲಿಗೆ ಹೋಗಿ ಹಿಂದೆ ಕೂತು ಸುಮ್ನೆ ಕೇಳಿ.

ಯಾಕೆ ಅಂದರೆ ಇಲ್ಲಿ ಪಾಲಿಸುವುದು ಥೇರವಾದ ಅನ್ನುವ ಬೌದ್ಧ ಧರ್ಮದ ಹಳೆಯ ಶಾಖೆಯ ಪದ್ಧತಿ. ಶ್ರೀಲಂಕಾದಲ್ಲಿ ನಡೆಯುವುದೂ ಅದೇ. 'ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ' ಅಂತ ಮೂರು ಸಲ ಹೇಳುವುದು, ಆಮೇಲೆ ಬುದ್ಧ, ಧಮ್ಮ, ಸಂಘಗಳಿಗೆ ಶರಣು ಹೋಗುವ ಮೂರು ಸಾಲು, ಆಮೇಲೆ ಪಂಚಶೀಲ. ಗಾಂಧಿನಗರದಲ್ಲಿ ಕೇಳಿದ ಇದೇ ಸಾಲುಗಳನ್ನು ಕ್ಯಾಂಡಿಯಲ್ಲಿ ಒಂದು ಅಜ್ಜಿ ಮೊಮ್ಮಗುವಿಗೆ ಹೇಳಿಕೊಡುತ್ತಿರುತ್ತಾರೆ. ಆಗ ನಿಮಗೆ ಏನು ನಡೆಯುತ್ತಿದೆ ಅಂತ ತಿಳಿಯುತ್ತದೆ. ಗೈಡ್ ಪುಸ್ತಕ ಓದಿದರೆ ಇಷ್ಟು ಸಿಗುವುದಿಲ್ಲ.

ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠ, ನಾವು ಗೋಲ್ಡನ್ ಟೆಂಪಲ್ ಅನ್ನುತ್ತೇವಲ್ಲ, ಅದನ್ನು ನೋಡಿರುವವರು ಬಹಳ ಜನ. ಅಲ್ಲಿಯದು ಟಿಬೆಟಿನ ಸಂಪ್ರದಾಯ. ಪದ್ಮಸಂಭವ, ಅಮಿತಾಯು, ಬುದ್ಧ ಹೀಗೆ ಮೂರು ದೊಡ್ಡ ಮೂರ್ತಿಗಳು, ದೊಡ್ಡ ತುತ್ತೂರಿಗಳು, ಪ್ರಾರ್ಥನಾ ಚಕ್ರಗಳು. ಕ್ಯಾಂಡಿಯಲ್ಲಿ ಇವನ್ನು ಹುಡುಕಬೇಡಿ. ಅಲ್ಲಿಯ ವಿಹಾರದಲ್ಲಿ ಮುಖ್ಯವಾಗಿ ಮೂರು ಇರುತ್ತವೆ: ಬಿಳಿಯ ದಾಗೊಬ ಅಂದರೆ ಸ್ತೂಪ, ಬೋಧಿ ವೃಕ್ಷ, ಮತ್ತು ಬುದ್ಧನ ಮೂರ್ತಿ ಇರುವ ಮನೆ. ಭಕ್ತರು ಈ ಮೂರಕ್ಕೂ ನಮಸ್ಕರಿಸುತ್ತಾರೆ.

ಯಾವಾಗ ಹೋಗಬೇಕು

ಜನವರಿಯಿಂದ ಏಪ್ರಿಲ್ ತನಕ ಮಳೆ ಕಡಿಮೆ. ಅಕ್ಟೋಬರ್, ನವೆಂಬರಿನಲ್ಲಿ ಜಾಸ್ತಿ. ಕ್ಯಾಂಡಿ ಬೆಟ್ಟದ ಊರು ಅಂತ ಸ್ವೆಟರ್ ತುಂಬಿಕೊಂಡು ಹೋಗಬೇಡಿ. ಅದು ಇರುವುದು ಸುಮಾರು 500 ಮೀಟರ್ ಎತ್ತರದಲ್ಲಿ. ಬೆಂಗಳೂರೇ ಅದಕ್ಕಿಂತ ಎತ್ತರ. ಮಧ್ಯಾಹ್ನ ಚೆನ್ನಾಗಿ ಬೆವರುತ್ತದೆ.

ತಿಂಗಳಿಗಿಂತ ಮುಖ್ಯವಾದದ್ದು ಹುಣ್ಣಿಮೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸರಕಾರಿ ರಜೆ, ಅದಕ್ಕೆ 'ಪೋಯ' ಅನ್ನುತ್ತಾರೆ. ಆ ದಿನ ಹೆಂಡ, ಮಾಂಸ ಮಾರುವುದಿಲ್ಲ. ಊರಿಗೆ ಊರೇ ಬಿಳಿ ಬಟ್ಟೆ ಹಾಕಿಕೊಂಡು ವಿಹಾರಗಳಲ್ಲಿ ಕೂತಿರುತ್ತದೆ. ಕೆಲವರು ಬೆಳಗಿನಿಂದ ಸಂಜೆಯ ತನಕ ಎಂಟು ಶೀಲಗಳನ್ನು ಪಾಲಿಸುತ್ತಾ ಅಲ್ಲೇ ಇರುತ್ತಾರೆ. ಕಟ್ಟಡ, ಶಿಲ್ಪ ನೋಡಬೇಕು ಅನ್ನುವವರಿಗೆ ಪೋಯ ದಿನ ಕಷ್ಟ, ನೂಕುನುಗ್ಗಲು. ಧರ್ಮ ಜನರ ನಡುವೆ ಹೇಗೆ ಬದುಕಿದೆ ಅಂತ ನೋಡಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ನನ್ನನ್ನು ಕೇಳಿದರೆ ಒಂದು ಪೋಯ ದಿನ ಮತ್ತು ಒಂದು ಮಾಮೂಲಿ ದಿನ ಎರಡೂ ಸಿಗುವ ಹಾಗೆ ಪ್ಲಾನ್ ಮಾಡಿ. ದಿನಾಂಕಕ್ಕೆ ನಮ್ಮ ಪಂಚಾಂಗ ನಂಬಬೇಡಿ, ಶ್ರೀಲಂಕಾದ ರಜಾ ಪಟ್ಟಿಯನ್ನೇ ನೋಡಿ. ಎರಡಕ್ಕೂ ವ್ಯತ್ಯಾಸ ಬರುವುದುಂಟು.

ದಂತ ಮಂದಿರದ ದೊಡ್ಡ ಮೆರವಣಿಗೆ ಎಸಳ ಪೆರಹೆರ ನಡೆಯುವುದು ಜುಲೈ–ಆಗಸ್ಟ್ ಹೊತ್ತಿಗೆ. ಐದು ರಾತ್ರಿ ಕುಂಬಲ್ ಪೆರಹೆರ, ಆಮೇಲೆ ಐದು ರಾತ್ರಿ ಇನ್ನೂ ವೈಭವದ ರಂದೋಲಿ ಪೆರಹೆರ. ಮುಂದೆ ಚಾಟಿ ಬೀಸುವವರು, ಪಂಜು ಹಿಡಿದವರು, ಕ್ಯಾಂಡಿಯ ನರ್ತಕರು, ಸಾಲು ಸಾಲು ಆನೆಗಳು. ನಮ್ಮ ಜಂಬೂ ಸವಾರಿ ರಾತ್ರಿ ಹೊತ್ತು ಪಂಜಿನ ಬೆಳಕಿನಲ್ಲಿ ಹತ್ತು ದಿನ ನಡೆದ ಹಾಗೆ ಅಂದುಕೊಳ್ಳಿ. ಜಂಬೂ ಸವಾರಿಯ ನೆನಪು ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಲವು ವರ್ಷ ಈ ಮೆರವಣಿಗೆಯಲ್ಲಿ ಪವಿತ್ರ ಕರಂಡಕವನ್ನು, ಅಂದರೆ ಸಣ್ಣ ಪೆಟ್ಟಿಗೆಯನ್ನು, ಹೊತ್ತ ನಡುಂಗಮುವ ರಾಜ ಅನ್ನುವ ಆನೆ ಹುಟ್ಟಿದ್ದು ಮೈಸೂರಿನಲ್ಲಿ, 1953ರಲ್ಲಿ. ನಾಟಿ ವೈದ್ಯ ಮಾಡುತ್ತಿದ್ದ ಒಬ್ಬ ಭಿಕ್ಷುವಿಗೆ ಕಾಣಿಕೆಯಾಗಿ ಬಂದ ಎರಡು ಮರಿಗಳಲ್ಲಿ ಅದೊಂದು. 2022ರ ಮಾರ್ಚಿನಲ್ಲಿ ಅದು ತೀರಿಕೊಂಡಾಗ ಇಡೀ ದೇಶ ಅತ್ತಿತು, ಸರಕಾರ ಅದನ್ನು ರಾಷ್ಟ್ರೀಯ ಸಂಪತ್ತು ಅಂತ ಘೋಷಿಸಿತು.

ಪೆರಹೆರ ನೋಡಲೇಬೇಕಾದದ್ದು. ಆದರೆ ಗುಡಿಗಳನ್ನು ನೋಡಲು ಹೊರಟವರು ಮೊದಲ ಸಲವೇ ಆ ಹತ್ತು ದಿನಗಳಲ್ಲಿ ಹೋಗಬೇಡಿ. ರೂಮಿನ ಬಾಡಿಗೆ ಏರಿರುತ್ತದೆ, ರಸ್ತೆಗಳು ಮುಚ್ಚಿರುತ್ತವೆ, ನಿಂತು ನೋಡುವುದಕ್ಕೆ ಜಾಗ ಇರುವುದಿಲ್ಲ.

ಬ್ಯಾಗಿನಲ್ಲಿ ಏನಿರಬೇಕು

ಪಾಸ್‌ಪೋರ್ಟ್ ಮತ್ತು ಪ್ರಯಾಣದ ಅನುಮತಿ, ಅಂದರೆ ಇಟಿಎ. ಇಟಿಎ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ, ಹಾಗಾಗಿ ಹೊರಡುವ ಮೊದಲು ಶ್ರೀಲಂಕಾ ಸರಕಾರದ ಅಧಿಕೃತ ಜಾಲತಾಣದಲ್ಲೇ ನೋಡಿ. ಅದೇ ಹೆಸರಿನ ನಕಲಿ ತಾಣಗಳಿರುತ್ತವೆ, ಎಚ್ಚರ. ಗುಡಿಗಳಿಗೆ ಹೋಗುವಾಗಲೂ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಸಾರ್ಕ್ ದೇಶಗಳವರಿಗೆ ಬಹಳ ಕಡೆ ಟಿಕೆಟ್ ದರ ಕಡಿಮೆ. ಕೌಂಟರಿನಲ್ಲಿ ತೋರಿಸಿ ಕೇಳಿ.

ಬಟ್ಟೆ ಭುಜ ಮತ್ತು ಮಂಡಿ ಮುಚ್ಚುವಂತಿರಬೇಕು. ಇದು ಗಂಡಸರಿಗೂ ಅನ್ವಯ. ಚಡ್ಡಿ ಹಾಕಿ ಬಂದವರನ್ನು ಒಳಗೆ ಬಿಡುವುದಿಲ್ಲ. ಬಿಳಿ ಅಥವಾ ತಿಳಿ ಬಣ್ಣದ್ದಾದರೆ ಒಳ್ಳೆಯದು. ಅಲ್ಲಿನವರು ಗುಡಿಗೆ ಬಿಳಿಯನ್ನೇ ಹಾಕುವುದು. ಬಿಳಿ ಪಂಚೆ, ಬಿಳಿ ಜುಬ್ಬ ಇದ್ದರೆ ತೆಗೆದುಕೊಂಡು ಹೋಗಿ. ಬಿಳಿ ಕಾಟನ್ ಸೀರೆ ಅಥವಾ ಸಲ್ವಾರ್ ಇದ್ದರೂ ಸರಿ. ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ ಇರಲಿ. ಟೋಪಿಯನ್ನೂ ತೆಗೆಯಬೇಕು.

ಬುದ್ಧನ ಚಿತ್ರ ಇರುವ ಟಿ-ಶರ್ಟ್, ಬ್ಯಾಗ್, ಪರ್ಸ್ ಯಾವುದೂ ಬೇಡ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಒಬ್ಬ ಬ್ರಿಟಿಷ್ ಪ್ರವಾಸಿಯನ್ನು 2014ರಲ್ಲಿ ವಿಮಾನ ನಿಲ್ದಾಣದಲ್ಲೇ ಬಂಧಿಸಿ ದೇಶದಿಂದ ಕಳಿಸಿದ್ದರು. ಆಕೆಯನ್ನು ನಡೆಸಿಕೊಂಡ ರೀತಿ ತಪ್ಪು ಅಂತ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿ ಪರಿಹಾರ ಕೊಡಿಸಿತು. ಆದರೂ ಹಚ್ಚೆ ಇರುವವರು ಮುಚ್ಚುವ ಅಂಗಿ ಹಾಕಿಕೊಳ್ಳಿ.

ಹಣದ ವಿಷಯ. 2024ರಿಂದ ಶ್ರೀಲಂಕಾದಲ್ಲಿ ನಮ್ಮ ಯುಪಿಐ ಕೂಡ ಹಲವು ಅಂಗಡಿಗಳಲ್ಲಿ ನಡೆಯುತ್ತದೆ. ಹೂವಿನವರಿಗೆ, ಚಪ್ಪಲಿ ನೋಡಿಕೊಳ್ಳುವವರಿಗೆ, ಆಟೊದವರಿಗೆ ಮಾತ್ರ ಚಿಲ್ಲರೆ ನೋಟು ಬೇಕೇ ಬೇಕು.

ತಲುಪುವುದು, ಉಳಿಯುವುದು

ವಿಮಾನ ಇಳಿಯುವುದು ಕಟುನಾಯಕದಲ್ಲಿ. ಅದು ಕೊಲಂಬೊದ ಉತ್ತರಕ್ಕಿದೆ. ಅಲ್ಲಿಂದ ಕ್ಯಾಂಡಿಗೆ ರಸ್ತೆಯಲ್ಲೇ ಹೋಗಬಹುದು, ಸುಮಾರು ಮೂರು ಗಂಟೆ. ಕೊಲಂಬೊ ಊರೊಳಗೆ ಹೋಗುವವರು ಕೊಲಂಬೊ ಕೋಟೆ ಸ್ಟೇಷನ್ನಿನಿಂದ ರೈಲು ಹಿಡಿಯಿರಿ. ರಂಬುಕ್ಕನ ದಾಟಿದ ಮೇಲೆ ಘಟ್ಟ ಹತ್ತುವ ಭಾಗ ಬಹಳ ಚೆಂದ. ಜೋರು ಮಳೆಯಾದಾಗ ಗುಡ್ಡ ಕುಸಿದು ಈ ದಾರಿ ನಿಲ್ಲುವುದುಂಟು, ಆದ್ದರಿಂದ ರೈಲು ಓಡುತ್ತಿದೆಯಾ ಅಂತ ಮೊದಲೇ ವಿಚಾರಿಸಿ.

ರೂಮನ್ನು ಕೆರೆಯ ಹತ್ತಿರ, ದಂತ ಮಂದಿರಕ್ಕೆ ನಡೆದು ಹೋಗುವಷ್ಟು ದೂರದಲ್ಲೇ ಹಿಡಿಯಿರಿ. ಗುಡ್ಡದ ಮೇಲಿನ ಹೋಟೆಲುಗಳಿಂದ ನೋಟ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಬೆಳಗಿನ ಪೂಜೆ ಐದೂವರೆಗೆ. ಅಷ್ಟು ಹೊತ್ತಿಗೆ ಆಟೊ ಹುಡುಕುವುದು ಬೇಡ.

ಕೆರೆಯ ಸುತ್ತ ಕೆಲವರು ಬಂದು 'ಇವತ್ತು ವಿಶೇಷ ಪೂಜೆ ಇದೆ, ಕರೆದುಕೊಂಡು ಹೋಗುತ್ತೇನೆ' ಅನ್ನುತ್ತಾರೆ. ಕೊನೆಗೆ ಕರೆದುಕೊಂಡು ಹೋಗುವುದು ರತ್ನದ ಅಂಗಡಿಗೆ, ಇಲ್ಲವೇ ಮಸಾಲೆ ತೋಟಕ್ಕೆ. ನಕ್ಕು, ಬೇಡ ಅಂದು ಮುಂದೆ ಹೋಗಿ.

ದಳದಾ ಮಾಳಿಗಾವ

ಇದೇ ದಂತ ಮಂದಿರ. ಬುದ್ಧನ ಒಂದು ಹಲ್ಲು ಇಲ್ಲಿದೆ ಅನ್ನುವುದು ನಂಬಿಕೆ. ಕಳಿಂಗದ ರಾಜಕುಮಾರಿ ಹೇಮಮಾಲಾ ನಾಲ್ಕನೆಯ ಶತಮಾನದಲ್ಲಿ ಅದನ್ನು ತನ್ನ ಜಡೆಯೊಳಗೆ ಅಡಗಿಸಿಕೊಂಡು, ಗಂಡ ದಂತಕುಮಾರನ ಜೊತೆ ಸಮುದ್ರ ದಾಟಿ ತಂದಳು ಅಂತ ಕಥೆ. ಆಮೇಲೆ ಶತಮಾನಗಳ ಕಾಲ ಅದು ಯಾರ ಹತ್ತಿರ ಇದೆಯೋ ಅವರೇ ರಾಜರು. ರಾಜಧಾನಿ ಎಲ್ಲಿಗೆ ಹೋದರೆ ಹಲ್ಲೂ ಅಲ್ಲಿಗೆ ಹೋಯಿತು. ಕೊನೆಗೆ ಬಂದು ನಿಂತದ್ದು ಕ್ಯಾಂಡಿಯಲ್ಲಿ, ಒಂದನೆಯ ವಿಮಲಧರ್ಮಸೂರಿಯನ ಕಾಲದಲ್ಲಿ. ಈಗಿನ ಒಳಗುಡಿ ನರೇಂದ್ರಸಿಂಹ ಕಟ್ಟಿಸಿದ್ದು. ಅವನು ಆಳಿದ್ದು 1707ರಿಂದ 1739ರ ವರೆಗೆ.

ದಿನಕ್ಕೆ ಮೂರು ಸಲ ಪೂಜೆ. ಅದನ್ನು 'ತೇವಾವ' ಅನ್ನುತ್ತಾರೆ. ಬೆಳಿಗ್ಗೆ 5:30, ಆಮೇಲೆ 9:30, ಸಂಜೆ 6:30. ಸಂಜೆಗೆ ಎಲ್ಲ ಟೂರ್ ಬಸ್ಸುಗಳೂ ಬಂದಿರುತ್ತವೆ. ನೀವು ಬೆಳಗಿನ ಜಾವದ್ದಕ್ಕೇ ಹೋಗಿ. ಆಗ ಬರುವವರು ಹೆಚ್ಚಾಗಿ ಊರಿನವರು, ಕೈಯಲ್ಲಿ ಹೂವಿನ ತಟ್ಟೆ, ಮಕ್ಕಳ ಮೈಮೇಲೆ ಬಿಳಿ ಬಟ್ಟೆ.

ಗೇಟಿನಲ್ಲಿ ತಪಾಸಣೆ ಕಟ್ಟುನಿಟ್ಟು. 1998ರ ಜನವರಿ 25ರಂದು ಎಲ್‌ಟಿಟಿಇ ಇಲ್ಲಿ ಲಾರಿ ಬಾಂಬ್ ಸ್ಫೋಟಿಸಿತ್ತು. ಜನ ಸತ್ತರು, ಮುಂಭಾಗ ಹಾಳಾಯಿತು. ಬೇಗನೆ ದುರಸ್ತಿ ಮಾಡಿದರು. ಈಗ ಬ್ಯಾಗ್ ತೆರೆದು ನೋಡುವಾಗ ಬೇಸರ ಮಾಡಿಕೊಳ್ಳಬೇಡಿ.

ಹೊರಗಿನ ಅಂಗಡಿಗಳಲ್ಲಿ ಹೂವು ತೆಗೆದುಕೊಳ್ಳಿ. ನೀಲಿ ನೈದಿಲೆ, ಬಿಳಿ ಮತ್ತು ನಸುಗೆಂಪು ತಾವರೆ, ದೇವಗಣಗಿಲೆ ಸಿಗುತ್ತವೆ. ಮೂಸಿ ನೋಡಬಾರದು, ನಮ್ಮಲ್ಲಿರುವ ಹಾಗೇ. ಚಪ್ಪಲಿಯನ್ನು ಕೌಂಟರಿನಲ್ಲಿ ಬಿಟ್ಟು ಒಳಗೆ ಹೋಗಿ. ಬಾಗಿಲಲ್ಲಿ ನೆಲದ ಮೇಲೆ ಅರ್ಧಚಂದ್ರದ ಆಕಾರದ ಕೆತ್ತಿದ ಕಲ್ಲು, ಮೇಲೆ ಮಕರ ತೋರಣ. ಒಂದು ನಿಮಿಷ ನಿಂತು ನೋಡಿ.

ಇನ್ನು ಪೂಜೆ. ಕೆಳಗಿನ ಅಂಗಳದಲ್ಲಿ ಬಿಳಿ ಪಂಚೆ ಉಟ್ಟು, ಕೆಂಪು ನಡುಪಟ್ಟಿ ಕಟ್ಟಿದ ವಾದ್ಯದವರು ದವುಲ, ತಮ್ಮಟ್ಟಮ ಬಾರಿಸುತ್ತಾರೆ. ಹೊರಣೆವ ಅನ್ನುವ ಊದುವ ವಾದ್ಯವೂ ಇರುತ್ತದೆ, ನಮ್ಮ ಓಲಗದ ಜಾತಿಯದು. ಮೊದಲು ಇಲ್ಲೇ ಗೋಡೆಗೆ ಒರಗಿ ನಿಂತು ಕೇಳಿ. ವಾದ್ಯ ಶುರುವಾದ ಕೂಡಲೇ ಎಲ್ಲರೂ ಮೇಲಕ್ಕೆ ಓಡುತ್ತಾರೆ, ಓಡಬೇಡಿ. ಮೇಲಿನ ಬಾಗಿಲು ತೆರೆಯುವುದಕ್ಕೆ ಹೊತ್ತಿದೆ. ಭಿಕ್ಷುಗಳು ಒಳಗೆ ಶುದ್ಧಿ, ನೈವೇದ್ಯ ಎಲ್ಲ ಮುಗಿಸಿದ ಮೇಲೆ ಜನರಿಗೆ ತೆರೆಯುತ್ತಾರೆ.

ಮೇಲೆ ಸಾಲಿನಲ್ಲಿ ಸಾಗುತ್ತಾ ಸ್ವಲ್ಪ ದೂರದಿಂದ ಕಾಣುವುದು ಸ್ತೂಪದ ಆಕಾರದ ಚಿನ್ನದ ಕರಂಡಕ. ಹಲ್ಲು ಕಾಣುವುದಿಲ್ಲ. ಅದು ಒಂದರೊಳಗೊಂದು ಇರುವ ಏಳು ಕರಂಡಕಗಳ ಒಳಗಿದೆ. ಅದನ್ನು ಹೊರಗೆ ತೆಗೆದು ಜನರಿಗೆ ತೋರಿಸುವುದು ಬಹಳ ಅಪರೂಪ. 2009ರ ನಂತರ 2025ರ ಏಪ್ರಿಲಿನಲ್ಲಿ ತೋರಿಸಿದಾಗ ಲಕ್ಷಾಂತರ ಜನ ದಿನಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಪೆರಹೆರದಲ್ಲಿ ಆನೆಯ ಮೇಲೆ ಹೋಗುವುದೂ ಮೂಲ ಕರಂಡಕ ಅಲ್ಲ, ಅದರ ಪ್ರತಿರೂಪ.

ಬಾಗಿಲ ಮುಂದೆ ಸಿಗುವುದು ಕೆಲವೇ ಸೆಕೆಂಡು. ಅಲ್ಲಿ ಫೋನ್ ಎತ್ತಬೇಡಿ. ಹೂವನ್ನು ಎದುರಿನ ಉದ್ದ ಮೇಜಿನ ಮೇಲಿಟ್ಟು, ಹಿಂದಕ್ಕೆ ಬಂದು, ನೆಲದ ಮೇಲೆ ಕೂತವರ ನಡುವೆ ಜಾಗ ಮಾಡಿಕೊಂಡು ಕೂತುಬಿಡಿ. ಕಾಲು ಮುಂದೆ ಚಾಚಬಾರದು, ಹಿಂದಕ್ಕೆ ಮಡಚಿ ಕೂರಬೇಕು. ಪ್ರಾರ್ಥನೆ ಮಾಡುತ್ತಿರುವವರ ಮುಂದೆ ಹಾದು ಹೋಗಬಾರದು. ಇಲ್ಲಿ ಅರ್ಧ ಗಂಟೆ ಕೂತರೆ ಅಲ್ಲಿನ ಜನರ ಭಕ್ತಿ ಎಂಥದ್ದು ಅಂತ ಕಾಣುತ್ತದೆ. ಯಾರೂ ಗಟ್ಟಿಯಾಗಿ ಬೇಡಿಕೊಳ್ಳುವುದಿಲ್ಲ. ಸಣ್ಣ ದನಿಯ ಪಠಣ, ಮಧ್ಯೆ 'ಸಾಧು, ಸಾಧು, ಸಾಧು'. ನನಗೆ ಕ್ಯಾಂಡಿ ಅಂದರೆ ಕಣ್ಣಿಗೆ ಬರುವುದು ಚಿನ್ನದ ಕರಂಡಕಕ್ಕಿಂತ ಹೆಚ್ಚಾಗಿ ಈ ಕೂತಿರುವ ಜನ.

ಬುಧವಾರ ಊರಲ್ಲಿದ್ದರೆ ಬೆಳಗಿನ ಹೊತ್ತು ತಪ್ಪಿಸಬೇಡಿ. ಅವತ್ತು 'ನಾನುಮುರ ಮಂಗಲ್ಯಯ', ಅಂದರೆ ಸಾಂಕೇತಿಕ ಸ್ನಾನ. ಗಿಡಮೂಲಿಕೆ, ಹೂವು ಹಾಕಿದ ಪರಿಮಳದ ನೀರು ಬಳಸುತ್ತಾರೆ, ಆಮೇಲೆ ಅದನ್ನು ಬಂದವರಿಗೆ ಹಂಚುತ್ತಾರೆ. ಬೇರೆ ದಿನಗಳಲ್ಲಿ ತೀರ್ಥ, ಪ್ರಸಾದ, ಮಂಗಳಾರತಿ ಅಂತ ಕಾಯಬೇಡಿ. ಬುದ್ಧನಿಗೆ ತೆಂಗಿನಕಾಯಿ ಒಡೆಯುವುದಿಲ್ಲ, ಹೆಸರು-ನಕ್ಷತ್ರ ಹೇಳಿ ಅರ್ಚನೆ ಮಾಡಿಸುವುದಿಲ್ಲ.

ಒಳಗುಡಿಯ ಹಿಂದೆ ಹೊಸ ಸಭಾಂಗಣವಿದೆ. ದಂತದ ಕಥೆಯನ್ನು ಚಿತ್ರಗಳ ಸಾಲಿನಲ್ಲಿ ಬರೆದಿದ್ದಾರೆ, ಮಕ್ಕಳಿಗೆ ತೋರಿಸಲು ಸೊಗಸಾಗಿದೆ. ಆವರಣದಲ್ಲೇ ರಾಜ ಅನ್ನುವ ಹೆಸರಿನ ಇನ್ನೊಂದು ಆನೆಯ ಮ್ಯೂಸಿಯಂ ಇದೆ. ದಶಕಗಳ ಕಾಲ ಕರಂಡಕ ಹೊತ್ತು 1988ರಲ್ಲಿ ತೀರಿಕೊಂಡ ಆನೆ ಅದು, ಅದರ ದೇಹವನ್ನು ಕಾಪಾಡಿ ಇಟ್ಟಿದ್ದಾರೆ. ಮರದ ಕಂಬಗಳ ಮಗುಲ್ ಮಡುವ ಅನ್ನುವ ದರ್ಬಾರು ಮಂಟಪವನ್ನೂ ನೋಡಿ. 1815ರ ಮಾರ್ಚ್ 2ರಂದು ಕ್ಯಾಂಡಿ ರಾಜ್ಯವನ್ನು ಬ್ರಿಟಿಷರಿಗೆ ಒಪ್ಪಿಸಿದ ಒಪ್ಪಂದ ನಡೆದದ್ದು ಅಲ್ಲೇ.

ಫೋಟೊ ಮತ್ತು ನಡವಳಿಕೆ

ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವ ಹಾಗಿಲ್ಲ. ಸೆಲ್ಫಿ ಅಂದರೆ ಅದೇ ಅಲ್ವಾ? ಹಾಗಾಗಿ ಮೂರ್ತಿಯ ಮುಂದೆ ಸೆಲ್ಫಿ ಬೇಡವೇ ಬೇಡ. ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ. ಚಿತ್ರಗಳಿರುವ ಗೋಡೆಯ ಹತ್ತಿರ ಫ್ಲ್ಯಾಶ್ ಹಾಕಬೇಡಿ, ಬಣ್ಣ ಹಾಳಾಗುತ್ತದೆ.

ಭಿಕ್ಷುಗಳಿಗೆ ನಾವು ಕೈ ಮುಗಿದರೆ ಅವರು ತಿರುಗಿ ಕೈ ಮುಗಿಯುವುದಿಲ್ಲ. ಅದು ಸಂಪ್ರದಾಯ, ಸೊಕ್ಕು ಅಲ್ಲ. ಅವರನ್ನು 'ಹಾಮುದುರುವನೇ' ಅಂತ ಕರೆಯುತ್ತಾರೆ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಅವರು ಕೂತಿರುವಾಗ ಅವರಿಗಿಂತ ಎತ್ತರದ ಜಾಗದಲ್ಲಿ ಕೂರಬಾರದು. ಬಸ್ಸಿನಲ್ಲಿ ಮುಂದಿನ ಸೀಟು ಭಿಕ್ಷುಗಳಿಗೆ ಅಂತ ಬಿಟ್ಟಿರುತ್ತಾರೆ, ನೋಡಿ ಕೂತುಕೊಳ್ಳಿ. ಉಳಿದವರಿಗೆ ಕೈ ಮುಗಿದು 'ಆಯುಬೋವನ್' ಅಂದರೆ ಮುಖ ಅರಳುತ್ತದೆ. ತಮಿಳು ಬರುವವರಿಗೆ ಇನ್ನೂ ಸಲೀಸು, ಕ್ಯಾಂಡಿಯ ಅಂಗಡಿಗಳಲ್ಲಿ ತಮಿಳು ಮಾತಾಡುವವರು ಬಹಳ.

ಪಕ್ಕದಲ್ಲೇ ಇರುವ ದೇವರುಗಳು

ದಂತ ಮಂದಿರದಿಂದ ಹೊರಗೆ ಬಂದರೆ ಎದುರಿಗೆ ನಾಥ ದೇವಾಲೆ, ಅಂದರೆ ನಾಥ ದೇವರ ಗುಡಿ. ಕ್ಯಾಂಡಿಯಲ್ಲಿ ಉಳಿದಿರುವ ಕಟ್ಟಡಗಳಲ್ಲಿ ಇದೇ ಹಳೆಯದು, 14ನೆಯ ಶತಮಾನದ್ದು. ಪಕ್ಕದಲ್ಲಿ ಪತ್ತಿನಿ ದೇವಾಲೆ. ಪತ್ತಿನಿ ಅಂದರೆ ತಮಿಳಿನ ಕಣ್ಣಗಿಯೇ, ಇಲ್ಲಿ ತಾಯಿ ದೇವತೆ. ಮೆಟ್ಟಿಲು ಹತ್ತಿದರೆ ವಿಷ್ಣು ದೇವಾಲೆ. ಊರೊಳಗೆ ಕತರಗಾಮ ದೇವಾಲೆ, ಅಲ್ಲಿರುವುದು ನಮ್ಮ ಸುಬ್ರಹ್ಮಣ್ಯ. ಪೆರಹೆರದಲ್ಲಿ ಈ ನಾಲ್ಕು ದೇವಾಲೆಗಳ ಮೆರವಣಿಗೆಗಳೂ ಸೇರಿರುತ್ತವೆ.

ಬೌದ್ಧರ ಊರಲ್ಲಿ ಇವರೆಲ್ಲ ಹೇಗೆ ಅಂತ ಕೇಳಬಹುದು. ಅಲ್ಲಿನವರ ಲೆಕ್ಕದಲ್ಲಿ ಈ ದೇವರುಗಳು ಬುದ್ಧ ಶಾಸನವನ್ನು, ಅಂದರೆ ಬುದ್ಧನ ಧರ್ಮವನ್ನು, ಕಾಯುವವರು. ಬಿಡುಗಡೆಯ ದಾರಿಗೆ ಬುದ್ಧ. ಮಗುವಿಗೆ ಜ್ವರ, ಕೋರ್ಟು ಕೇಸು, ಪರೀಕ್ಷೆ, ಇಂಥದ್ದಕ್ಕೆ ದೇವರು. ಇಲ್ಲಿ ಹಣ್ಣಿನ ತಟ್ಟೆ ಕೊಡಬಹುದು. ಕಪುರಾಳ ಅನ್ನುವ ಪೂಜಾರಿ ನಿಮ್ಮ ಪರವಾಗಿ ಬೇಡಿಕೊಳ್ಳುತ್ತಾರೆ.

ಊರ ಹೊರಗಿನ ಮೂರು ಗುಡಿಗಳು

ಎರಡನೆಯ ದಿನ ಇದಕ್ಕೇ ಇರಲಿ. ಕೊಲಂಬೊ ರಸ್ತೆಯಲ್ಲಿ ಪಿಲಿಮತಲಾವ ಕಡೆಗೆ ಹೋದರೆ ಎಂಬೆಕ್ಕೆ, ಲಂಕಾತಿಲಕ, ಗಡಲಾದೆಣಿಯ ಅನ್ನುವ ಮೂರು ಗುಡಿಗಳು ಹತ್ತಿರ ಹತ್ತಿರ ಇವೆ. ಮೂರೂ 14ನೆಯ ಶತಮಾನದವು. ತ್ರೀ ವೀಲರ್ ಅಂದರೆ ನಮ್ಮ ಆಟೊ, ಅದನ್ನು ಅರ್ಧ ದಿನಕ್ಕೆ ಮಾತಾಡಿಕೊಳ್ಳಿ. ಪಿಕ್‌ಮಿ ಅನ್ನುವ ಆ್ಯಪ್‌ನಲ್ಲಿ ದರ ನೋಡಿಕೊಂಡು ಆಮೇಲೆ ಚೌಕಾಶಿ ಮಾಡಿ.

ಎಂಬೆಕ್ಕೆಯಿಂದ ಶುರು ಮಾಡಿ. ಇದು ಬೌದ್ಧ ವಿಹಾರ ಅಲ್ಲ, ಕತರಗಾಮ ದೇವರದು. ಆದರೆ ಇದರ ಮುಂದಿನ ವಾದ್ಯ ಮಂಟಪದ ಮರದ ಕಂಬಗಳನ್ನು ನೋಡದೆ ಬರಬಾರದು. ಒಂದೊಂದು ಕಂಬಕ್ಕೂ ಚೌಕದ ಮುಖಗಳು, ಒಂದೊಂದರಲ್ಲೂ ಬೇರೆ ಬೇರೆ ಕೆತ್ತನೆ. ಹೆಣೆದುಕೊಂಡ ಹಂಸಗಳು, ಕುಸ್ತಿ ಆಡುವ ಜಟ್ಟಿಗಳು, ಮಗುವಿಗೆ ಹಾಲೂಡಿಸುವ ತಾಯಿ, ಕುಣಿಯುವ ಹೆಣ್ಣು. ಹುಡುಕಿದರೆ ಎರಡು ತಲೆಯ ಹಕ್ಕಿ ಸಿಗುತ್ತದೆ. ಹೌದು, ಭೇರುಂಡ. ನಮ್ಮ ಸರಕಾರಿ ಬಸ್ಸಿನ ಟಿಕೆಟ್ಟಿನಿಂದ ವಿಧಾನಸೌಧದ ತನಕ ನೋಡುವ ಅದೇ ಗಂಡಭೇರುಂಡ. ಮಕ್ಕಳನ್ನು ಬಿಟ್ಟು ಹುಡುಕಲು ಹೇಳಿ. ತಲೆ ಎತ್ತಿ ಚಾವಣಿಯನ್ನೂ ನೋಡಿ. ಒಂದು ಕೊನೆಯಲ್ಲಿ 26 ಜಂತೆಗಳು ಬಂದು ಒಂದೇ ಮರದ ಬೆಣೆಗೆ ಸೇರುತ್ತವೆ.

ಅಲ್ಲಿಂದ ಲಂಕಾತಿಲಕಕ್ಕೆ ನಡೆದೇ ಹೋಗಬಹುದು. ಗದ್ದೆ, ಅಡಕೆ, ತೆಂಗು, ಮನೆಗಳ ನಡುವಿನ ಹಳ್ಳಿ ದಾರಿ. ಮಲೆನಾಡಿನವರಿಗೆ ಊರು ನೆನಪಾಗುತ್ತದೆ. ಆಟೊವನ್ನು ಮುಂದೆ ಕಳಿಸಿ ನೀವು ನಡೆಯಿರಿ. ಗುಡಿ ಇರುವುದು ಹಾಸುಬಂಡೆಯ ಮೇಲೆ, ಇಟ್ಟಿಗೆಯಲ್ಲಿ ಕಟ್ಟಿ ಬಿಳಿ ಬಳಿದದ್ದು. 1344ರಲ್ಲಿ, ನಾಲ್ಕನೆಯ ಭುವನೇಕಬಾಹುವಿನ ಕಾಲದಲ್ಲಿ ಕಟ್ಟಿದ್ದು. ಬಂಡೆಯ ಮೇಲಿನ ಶಾಸನ ಸಿಂಹಳದಲ್ಲೂ ಇದೆ, ತಮಿಳಿನಲ್ಲೂ ಇದೆ. ಒಂದು ಕಡೆಯಿಂದ ಒಳಗೆ ಹೋದರೆ ಬುದ್ಧ. ಸುತ್ತಿ ಇನ್ನೊಂದು ಕಡೆಗೆ ಬಂದರೆ ಅದೇ ಕಟ್ಟಡದಲ್ಲಿ ದೇವರ ಗುಡಿಗಳು, ಅದರಲ್ಲಿ ಗಣಪತಿ ಇದ್ದಾನೆ, ವಿಭೀಷಣನೂ ಇದ್ದಾನೆ. ರಾಮಾಯಣ ಕೇಳಿ ಬೆಳೆದ ನಮಗೆ ಲಂಕೆಯಲ್ಲಿ ವಿಭೀಷಣನಿಗೆ ಹೂವು ಏರುವುದನ್ನು ನೋಡುವುದು ದೊಡ್ಡ ಖುಷಿ. ಇಲ್ಲಿ ಸಾಮಾನ್ಯವಾಗಿ ಜನ ಕಡಿಮೆ. ಬೀಗ ಹಾಕಿದ್ದರೆ ಅಲ್ಲಿರುವವರನ್ನು ಕೇಳಿ, ತೆರೆದು ತೋರಿಸುತ್ತಾರೆ.

ಕೊನೆಗೆ ಗಡಲಾದೆಣಿಯ. ಇದೂ 1344ರದ್ದೇ, ಆದರೆ ಪೂರ್ತಿ ಬೇರೆ ರೂಪ. ಕಲ್ಲಿನ ಕಂಬ, ಕಲ್ಲಿನ ಚಾವಣಿ. ದೂರದಿಂದ ನೋಡಿದರೆ ನಮ್ಮ ಕಡೆಯ ಯಾವುದೋ ಹಳೆಯ ಗುಡಿ ಅನ್ನಿಸುತ್ತದೆ. ಅದು ಬರೀ ಅನ್ನಿಸಿಕೆ ಅಲ್ಲ. ಇದನ್ನು ಕಟ್ಟಿದ ಶಿಲ್ಪಿ ಗಣೇಶ್ವರಾಚಾರಿ ದಕ್ಷಿಣ ಭಾರತದವನು. ಒಳಗೆ ಬೋಧಿ ವೃಕ್ಷದ ಕೆಳಗೆ ಕೂತ ಬುದ್ಧ, ಪಕ್ಕಕ್ಕೆ ವಿಷ್ಣುವಿನ ಗುಡಿ. ಹೊರಗೆ ಬಂಡೆಯ ಮೇಲಿನ ಹೊಂಡಗಳಲ್ಲಿ ನೀರು ನಿಂತಿರುತ್ತದೆ. ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಈ ಬಂಡೆಯ ಮೇಲೆ ನಡೆಯಲು ಆಗುವುದಿಲ್ಲ, ಹನ್ನೊಂದರ ಒಳಗೆ ಮುಗಿಸಿ.

ಮೂರನೆಯ ದಿನ ಇದ್ದರೆ ದೆಗಲ್ದೊರುವ ನೋಡಿ. ಮಹಾವೇಲಿ ನದಿಯ ಆಚೆ, ಬಂಡೆ ಕೊರೆದು ಮಾಡಿದ ವಿಹಾರ, 18ನೆಯ ಶತಮಾನದ್ದು. ಗೋಡೆ ತುಂಬ ಜಾತಕ ಕಥೆಗಳು, ಕೆಂಪು ಹಿನ್ನೆಲೆಯ ಮೇಲೆ ಪಟ್ಟಿ ಪಟ್ಟಿಯಾಗಿ ಓಡುತ್ತವೆ. ಎಲ್ಲವನ್ನೂ ದಾನ ಮಾಡಿದ ವೆಸ್ಸಂತರನ ಕಥೆಯನ್ನು ಮೊದಲೇ ಓದಿಕೊಂಡು ಹೋಗಿ, ಇಲ್ಲದಿದ್ದರೆ ಬರೀ ಬಣ್ಣ ಕಾಣುತ್ತದೆ.

ಇದನ್ನು ಮಾಡಿಸಿದ ಕೀರ್ತಿಶ್ರೀ ರಾಜಸಿಂಹನ ಬಗ್ಗೆ ಎರಡು ಮಾತು. 1739ರಲ್ಲಿ ನರೇಂದ್ರಸಿಂಹ ಪಟ್ಟಕ್ಕೆ ಹಕ್ಕಿರುವ ಮಗನಿಲ್ಲದೆ ತೀರಿಕೊಂಡಾಗ, ಮದುರೆ ಕಡೆಯಿಂದ ಬಂದಿದ್ದ ರಾಣಿಯ ತಮ್ಮನಿಗೆ ಪಟ್ಟ ಕಟ್ಟಿದರು. ಅಲ್ಲಿಂದ ಕೊನೆಯ ತನಕ ಕ್ಯಾಂಡಿಯನ್ನು ಆಳಿದ್ದು ಈ ನಾಯಕರ ಮನೆತನ. ಕೀರ್ತಿಶ್ರೀ ಅವರಲ್ಲಿ ಎರಡನೆಯವನು. ಆಗ ಶ್ರೀಲಂಕಾದಲ್ಲಿ ಪೂರ್ಣ ದೀಕ್ಷೆ ಕೊಡುವ ಭಿಕ್ಷುಗಳೇ ಉಳಿದಿರಲಿಲ್ಲ. ಅವನು ಸಯಾಮ್ ದೇಶದಿಂದ, ಅಂದರೆ ಈಗಿನ ಥಾಯ್ಲೆಂಡಿನಿಂದ ಉಪಾಲಿ ಥೇರರನ್ನು ಕರೆಸಿ 1753ರಲ್ಲಿ ದೀಕ್ಷೆ ಮತ್ತೆ ಶುರುವಾಗುವಂತೆ ಮಾಡಿದ. ಕ್ಯಾಂಡಿಯ ಮಲ್ವತ್ತೆ, ಅಸ್ಗಿರಿಯ ವಿಹಾರಗಳು ಇವತ್ತಿಗೂ ಆ ಪರಂಪರೆಯ ಕೇಂದ್ರಗಳು, ದಂತದ ಜವಾಬ್ದಾರಿಯೂ ಅವರದೇ. ಕೆರೆಯ ದಂಡೆಯಲ್ಲಿ ನಡೆಯುತ್ತಾ ಮಲ್ವತ್ತೆಗೆ ಹೋಗಬಹುದು. ಹೊರಗಿನಿಂದ ಬಂದ ಒಂದು ಮನೆತನ ಆ ನಾಡಿನ ಧರ್ಮವನ್ನು ಹೀಗೆ ತನ್ನದು ಮಾಡಿಕೊಂಡದ್ದು ನನಗೆ ಕ್ಯಾಂಡಿಯ ಅತ್ಯಂತ ದೊಡ್ಡ ಕಥೆ.

ಊಟ

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಅಲ್ಲಿನ ತರಕಾರಿ ಪಲ್ಯ, ಸಂಬೋಲ ಅನ್ನುವ ಚಟ್ನಿಯಲ್ಲಿ 'ಉಂಬಲಕಡ' ಅನ್ನುವ ಒಣಮೀನಿನ ಪುಡಿ ಹಾಕಿರುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. 'ಮಸ್ ಮಾಳು ಎಪಾ, ಉಂಬಲಕಡ ಎಪಾ' ಅನ್ನಿ. ಮಾಂಸ, ಮೀನು, ಉಂಬಲಕಡ ಬೇಡ ಅಂತ ಅರ್ಥ. ಇಲ್ಲವೇ ತಮಿಳರ ಸೈವ ಹೋಟೆಲಿಗೆ ಹೋಗಿ, ಇಡ್ಲಿ, ದೋಸೆ, ಊಟ ಎಲ್ಲ ಸಿಗುತ್ತದೆ.

ವಾಪಸ್ ಬಂದ ಮೇಲೆ

ಇನ್ನೊಂದು ಜಾಗ ಉಳಿದಿದೆ, ಅದಕ್ಕೆ ಪಾಸ್‌ಪೋರ್ಟ್ ಬೇಡ. ಕ್ಯಾಂಡಿಯ ಕೆರೆ ತೋಡಿಸಿದ, ದಂತ ಮಂದಿರದ ಮುಂದಿನ ಎಂಟು ಮೂಲೆಯ ಮಂಟಪ ಕಟ್ಟಿಸಿದ ಕೊನೆಯ ರಾಜ ಶ್ರೀವಿಕ್ರಮ ರಾಜಸಿಂಹನನ್ನು ಬ್ರಿಟಿಷರು 1815ರಲ್ಲಿ ಹಿಡಿದರು. ಆಮೇಲೆ ಕುಟುಂಬದ ಸಮೇತ ವೆಲ್ಲೂರು ಕೋಟೆಯಲ್ಲಿ ಇಟ್ಟರು. ಅವನು 1832ರಲ್ಲಿ ಅಲ್ಲೇ ತೀರಿಕೊಂಡ. ವೆಲ್ಲೂರಿನಲ್ಲಿ ಪಾಲಾರ್ ನದಿಯ ಬಳಿ ಮುತ್ತು ಮಂಟಪ ಅಂತ ಅವನ ಸಮಾಧಿ ಇದೆ. ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ಬಹಳಷ್ಟು ರೈಲುಗಳು ಕಾಟ್ಪಾಡಿಯಲ್ಲಿ ನಿಲ್ಲುತ್ತವೆ, ಅಲ್ಲಿ ಇಳಿದು ಆಟೊ ಹಿಡಿಯಿರಿ. ಕೋಟೆ, ಅದರೊಳಗಿನ ಜಲಕಂಠೇಶ್ವರ ಗುಡಿ, ಆಮೇಲೆ ಮುತ್ತು ಮಂಟಪ. ಬೆಳಿಗ್ಗೆ ಬೇಗ ಹೊರಟರೆ ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು.